ಮಣ್ಣಿಗೆ ಭಾರವಾಗದ ಹಾಗೆ ಮಣ್ಣು ಕೊಡುವುದು ಹೇಗೆ: ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರಿಗೆ ಒಂದು ಮಾರ್ಗದರ್ಶಿ

ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಕುಷ್ಟಗಿ ತಾಲೂಕಿನ ನಮ್ಮ ಹೊಲದ ಬದುವಿನಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲೇ ಕುಣಿ ತೋಡಿಸಿದೆವು. ಮೂರು ಅಡಿ ಇಳಿದಾಗ ಅಪ್ಪನ ಕಡೆಯ ಮಣ್ಣು ಸ್ವಲ್ಪ ಕುಸಿಯಿತು. ಒಳಗಿಂದ ಕೆಂಪಗೆ ಏನೋ ಕಾಣಿಸಿತು. ತೋಡುತ್ತಿದ್ದ ಕಾಕಾ ಸಲಿಕೆ ಬದಿಗಿಟ್ಟು ಬೆರಳಿನಿಂದ ಮೆಲ್ಲಗೆ ಮಣ್ಣು ಸರಿಸಿದ. ಒಂದು ಶಾಲಿನ ಅಂಚು. ಹನ್ನೆರಡು ವರ್ಷದ ಹಿಂದೆ ಅಪ್ಪನಿಗೆ ಹೊದಿಸಿದ್ದು. ಬಣ್ಣ ಮಾಸಿರಲಿಲ್ಲ, ಜರಿ ಕೂಡ ಹಾಗೇ ಇತ್ತು. "ಇದು ಮಣ್ಣಾಗಂಗಿಲ್ಲ ತಮ್ಮಾ. ಈಗ ಎಲ್ಲಿ ತೋಡಿದ್ರೂ ಇದ ಸಿಗತೈತಿ" ಅಂದ. ಆಮೇಲೆ ಆ ಜಾಗಕ್ಕೆ ಹಸಿ ಮಣ್ಣು ಮೆತ್ತಿ, ಅಂಗೈಯಿಂದ ಒತ್ತಿ ಮುಚ್ಚಿದ.

ಅಪ್ಪನ ಕುಣಿಗೆ ನಾವು ಹಾಕಿದ್ದನ್ನು ಆವತ್ತು ರಾತ್ರಿ ಕೂತು ನೆನಪು ಮಾಡಿಕೊಂಡೆ. ನಲವತ್ತರ ಹತ್ತಿರ ಶಾಲು. ನಾಲ್ಕು ಚೀಲ ಉಪ್ಪು. ಪ್ಲಾಸ್ಟಿಕ್ ದಾರದ ಹಾರಗಳು. ಮೇಲೆ ಸಿಮೆಂಟಿನ ಕಟ್ಟೆ. ಪ್ರೀತಿಯಿಂದಲೇ ಹಾಕಿದ್ದೆವು, ಅದರಲ್ಲಿ ಅನುಮಾನ ಇಲ್ಲ. ಆದರೆ ನಮ್ಮ ಅಜ್ಜನ ಕಾಲದಲ್ಲಿ ಇಷ್ಟೆಲ್ಲ ಇರಲಿಲ್ಲ. ನೂಲಿನ ಬಟ್ಟೆ, ವಿಭೂತಿ, ಪತ್ರಿ (ಬಿಲ್ವದ ಎಲೆ), ಮಣ್ಣು, ಅಷ್ಟೇ. ಪರಿಸರಕ್ಕೆ ಹಿತವಾದ ಅಂತ್ಯಕ್ರಿಯೆ ಅಂದರೆ ಎಲ್ಲಿಂದಲೋ ಹೊಸದು ತರುವುದಲ್ಲ. ಈಚೆಗೆ ಬಂದು ಸೇರಿಕೊಂಡದ್ದನ್ನು ಒಂದೊಂದೇ ತೆಗೆಯುವುದು. ಅವ್ವನ ವೇಳೆಗೆ ಅದನ್ನು ಮಾಡಿದೆವು. ಹೇಗೆ ಮಾಡಿದೆವು, ಎಲ್ಲಿ ತಡವರಿಸಿದೆವು, ನೀವು ಹೇಗೆ ಮಾಡಬಹುದು ಅಂತ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಬದುಕಿರುವಾಗಲೇ ಮಾತಾಡಿ, ಬರೆದಿಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ಸಾವಿನ ಮನೆಯಲ್ಲಿ ಹೊಸ ಮಾತು ನಡೆಯುವುದಿಲ್ಲ. ಆ ಹೊತ್ತಿಗೆ ದೊಡ್ಡಪ್ಪ ಒಂದು ಹೇಳುತ್ತಾರೆ, ಸೋದರಮಾವ ಒಂದು ಹೇಳುತ್ತಾರೆ, ಓಣಿಯವರು ಇನ್ನೊಂದು ಹೇಳುತ್ತಾರೆ. ಮಕ್ಕಳು ಅಳುತ್ತಾ ಕೂತಿರುತ್ತಾರೆ. ಕೊನೆಗೆ ಎಲ್ಲರೂ ಮಾಡಿದ ಹಾಗೆಯೇ ಆಗುತ್ತದೆ. ಆದರೆ "ಇದು ಅವರೇ ಹೇಳಿದ್ದು" ಅನ್ನುವ ಒಂದು ಹಾಳೆ ಇದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಭಾಗದವರಿಗೆಲ್ಲ ಗೊತ್ತಿರುವ ಉದಾಹರಣೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅವರು 2014ರ ಗುರುಪೂರ್ಣಿಮೆಯ ದಿನವೇ ಪತ್ರ ಬರೆದಿಟ್ಟಿದ್ದರು. ದೇಹವನ್ನು ಮಣ್ಣಲ್ಲಿಡುವ ಬದಲು ಬೆಂಕಿಗೆ ಕೊಡಿ, ಶ್ರಾದ್ಧದ ವಿಧಿಗಳು ಬೇಡ, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಿ, ಸ್ಮಾರಕ ಕಟ್ಟಬೇಡಿ ಅನ್ನುವುದು ಅದರ ಸಾರ. 2023ರ ಜನವರಿ 2ರಂದು ಅವರು ತೀರಿಕೊಂಡರು. ಲಕ್ಷಾಂತರ ಜನ ಸೇರಿದ್ದರು. ಸ್ವಾಮಿಗಳಿಗೆ ಸಮಾಧಿ, ಗದ್ದುಗೆ ಕಟ್ಟುವುದೇ ರೂಢಿ. ಆದರೂ ಮರುದಿನ ಪತ್ರದಲ್ಲಿ ಇದ್ದ ಹಾಗೆಯೇ ಅಗ್ನಿಸ್ಪರ್ಶ ನಡೆಯಿತು. ಅವತ್ತು ಟಿವಿ ಮುಂದೆ ಕೂತಿದ್ದ ಅವ್ವ, "ನನಗ ಸುಡಬ್ಯಾಡ್ರಿ, ಮಣ್ಣ ಕೊಡ್ರಿ. ಆದ್ರ ಆ ಕಟ್ಟಿ ಗಿಟ್ಟಿ ಕಟ್ಟಿಸಬ್ಯಾಡ್ರಿ" ಅಂದಿದ್ದಳು. ಅದೇ ಮಾತನ್ನು ಮರುವಾರ ಹಾಳೆಗೆ ಇಳಿಸಿ, ಅವಳ ಹೆಬ್ಬೆಟ್ಟು ಹಾಕಿಸಿದೆವು. ಅಣ್ಣ ಮತ್ತು ನಮ್ಮ ಚಿಕ್ಕಪ್ಪ ಸಾಕ್ಷಿ ಹಾಕಿದರು.

ಹಾಳೆಯಲ್ಲಿ ಇಷ್ಟಿದ್ದರೆ ಸಾಕು. ಮಣ್ಣೋ, ಬೆಂಕಿಯೋ, ದೇಹದಾನವೋ. ಎಲ್ಲಿ. ಯಾವ ಬಟ್ಟೆ. ಏನೇನು ಬೇಡ. ಕಣ್ಣು ಕೊಡಬೇಕೋ ಬೇಡವೋ. ಯಾರು ಮುಂದೆ ನಿಂತು ನಡೆಸಬೇಕು. ಅದನ್ನು ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ, ಅದು ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆಧಾರ್, ರೇಷನ್ ಕಾರ್ಡ್, ಪಹಣಿ ಇಡುವ ಡಬ್ಬಿಯಲ್ಲೇ ಇಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಮಕ್ಕಳಿಗೆಲ್ಲ ಕಳಿಸಿ. ಮಠದ ಅಯ್ಯನವರಿಗೋ, ಪುರೋಹಿತರಿಗೋ, ಮೌಲ್ವಿ ಸಾಹೇಬರಿಗೋ, ಪಾದ್ರಿಗಳಿಗೋ ಮೊದಲೇ ಒಂದು ಮಾತು ತಿಳಿಸಿಡಿ. ಕುಣಿಗೆ ಉಪ್ಪು ಹಾಕುವುದಿಲ್ಲ ಅಂದರೆ ನಮ್ಮ ಅಯ್ಯನವರು ಒಪ್ಪುವುದಿಲ್ಲವೇನೋ ಅಂತ ನಾನು ಹೆದರಿದ್ದೆ. "ಶಾಸ್ತ್ರದಾಗ ಎಲ್ಲೈತ್ರಿ ಉಪ್ಪು?" ಅಂತ ಅವರೇ ಕೇಳಿದರು.

ಹೆಜ್ಜೆ 2: ಮಣ್ಣು, ಬೆಂಕಿ, ದಾನ: ಯಾವುದು?

ಇದರಲ್ಲಿ ನಿಮ್ಮ ನಂಬಿಕೆಯೇ ಮುಂದಿರಲಿ. ಮೂರನ್ನೂ ಹಗುರವಾಗಿ ಮಾಡಬಹುದು.

ಮಣ್ಣು ಕೊಡುವುದು ನಮ್ಮ ಕಡೆ ಲಿಂಗಾಯತರಲ್ಲಿ, ಮುಸ್ಲಿಮರಲ್ಲಿ, ಕ್ರೈಸ್ತರಲ್ಲಿ, ಇನ್ನೂ ಅನೇಕ ಸಮುದಾಯಗಳಲ್ಲಿ ಇದೆ. ಸರಿಯಾಗಿ ಮಾಡಿದರೆ ಇದರಷ್ಟು ಕಡಿಮೆ ಖರ್ಚಿನದ್ದು, ಕಡಿಮೆ ಹೊಗೆಯದ್ದು ಬೇರೆ ಇಲ್ಲ. ನಮ್ಮೂರ ಖಬರಸ್ತಾನವನ್ನೇ ನೋಡಿ. ಗಂಡಸರಿಗೆ ಮೂರು ತುಂಡು, ಹೆಂಗಸರಿಗೆ ಐದು ತುಂಡು ಬಿಳಿ ಬಟ್ಟೆಯ ಕಫನ್. ಪೆಟ್ಟಿಗೆ ಇಲ್ಲ. ಬೇಗ ಮಣ್ಣು. ಪರದೇಶದಲ್ಲಿ ಇದನ್ನೇ ಈಗ ಹೊಸದಾಗಿ ಕಲಿಯುತ್ತಿದ್ದಾರೆ. ಇಂಗ್ಲೆಂಡಿನ ಕಾರ್ಲೈಲ್ ಊರಿನಲ್ಲಿ 1993ರಲ್ಲಿ ಕಲ್ಲು, ಸಿಮೆಂಟು ಇಲ್ಲದೆ ಗಿಡಗಳ ನಡುವೆ ಹೂಳುವ ಸ್ಮಶಾನ ಶುರು ಮಾಡಿದರು. ಆಮೇಲೆ ಅದು ಬೇರೆ ದೇಶಗಳಿಗೂ ಹಬ್ಬಿತು.

ಬೆಂಕಿಗೆ ಕೊಡುವ ಮನೆಗಳಲ್ಲಿ ಕಟ್ಟಿಗೆ, ಹೊಗೆ ಎರಡನ್ನೂ ಕಡಿಮೆ ಮಾಡುವ ದಾರಿಗಳಿವೆ, ಮುಂದೆ ಬರೆದಿದ್ದೇನೆ.

ದೇಹದಾನ ಮಾಡುವವರಿಗೆ ನಮ್ಮ ಮೂರೂ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬಳ್ಳಾರಿಯಲ್ಲಿ ಎಲ್ಲರೂ ವಿಮ್ಸ್ ಅಂತ ಕರೆಯುತ್ತಿದ್ದ ಕಾಲೇಜು, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಅಲ್ಲಿನ ಅಂಗರಚನಾ (ಅನಾಟಮಿ) ವಿಭಾಗಕ್ಕೆ ಹೋಗಿ ಫಾರಂ ಕೇಳಿ, ಮನೆಯವರ ಸಹಿ ಹಾಕಿಸಿ ಕೊಡಬೇಕು. ಎರಡು ವಿಷಯ ನೆನಪಿರಲಿ. ಒಂದು, ಫಾರಂ ತುಂಬಿದ್ದರೂ ಕೊನೆಗೆ ಫೋನ್ ಮಾಡಿ ದೇಹ ಒಪ್ಪಿಸಬೇಕಾದವರು ಮನೆಯವರೇ. ಅವರು ಒಪ್ಪದಿದ್ದರೆ ಅದು ನಡೆಯುವುದಿಲ್ಲ. ಎರಡು, ಪೋಸ್ಟ್‌ಮಾರ್ಟಂ ಆದ ದೇಹ, ಕೆಲವು ಸೋಂಕು ಇದ್ದ ದೇಹ, ಕೆಡಲು ಶುರುವಾದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ದಾನಕ್ಕೆ ಬರೆದುಕೊಟ್ಟವರೂ ಎರಡನೇ ದಾರಿಯನ್ನು ಹಾಳೆಯಲ್ಲಿ ಬರೆದಿಡಬೇಕು.

ಇನ್ನು ಬೆಂಗಳೂರಿನಲ್ಲಿರುವ ನನ್ನ ಅಳಿಯ ಕೇಳಿದ ಹಾಗೆ ದೇಹವನ್ನು ಗೊಬ್ಬರ ಮಾಡುವ ಪದ್ಧತಿ, ನೀರು ಮತ್ತು ಕ್ಷಾರದಲ್ಲಿ ಕರಗಿಸುವ ಪದ್ಧತಿ ಎರಡೂ ಹೊರಗೆ ಇವೆ. ಗೊಬ್ಬರದ್ದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯ 2019ರಲ್ಲಿ ಕಾನೂನು ಮಾಡಿತು. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 2021ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರ ಇಷ್ಟದಂತೆ ನೀರಿನ ಪದ್ಧತಿಯನ್ನು ಬಳಸಿದರು. ಅತಿ ಕಡಿಮೆ ಬೆಲೆಯ ಪೆಟ್ಟಿಗೆ ಸಾಕು ಅಂತಲೂ ಅವರು ಹೇಳಿದ್ದರಂತೆ. ನಮ್ಮ ಊರಿಗೆ ಆ ಯಂತ್ರಗಳ ಅಗತ್ಯ ನನಗಂತೂ ಕಾಣುವುದಿಲ್ಲ. ಒಳ್ಳೆಯ ಮಸಾರಿ (ಕೆಂಪು) ಮಣ್ಣು ಅದೇ ಕೆಲಸವನ್ನು ಕರೆಂಟ್ ಇಲ್ಲದೆ ಮಾಡುತ್ತದೆ.

ಹೆಜ್ಜೆ 3: ಮೊದಲ ಆರು ತಾಸು

ಕಣ್ಣು ಕೊಡುವುದಿದ್ದರೆ ಆರು ತಾಸಿನೊಳಗೆ ಆಗಬೇಕು. ಕೂಡಲೇ ಹತ್ತಿರದ ನೇತ್ರ ಬ್ಯಾಂಕಿಗೋ ಜಿಲ್ಲಾ ಆಸ್ಪತ್ರೆಗೋ ಫೋನ್ ಮಾಡಿ. ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆಯಡಿ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ. ನೇರ ಮೇಲೆ ಇರುವ ಫ್ಯಾನ್ ಬಂದ್ ಮಾಡಿ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಕಣ್ಣು ತೆಗೆದರೆ ಮುಖ ಕೆಡುತ್ತದೆ ಅನ್ನುವ ಭಯ ಹಳ್ಳಿಯಲ್ಲಿ ಇನ್ನೂ ಇದೆ. ಹಾಗೇನೂ ಆಗುವುದಿಲ್ಲ, ದರ್ಶನಕ್ಕೆ ಇಡಲು ಯಾವ ತೊಂದರೆಯೂ ಇಲ್ಲ.

ಮನೆಯಲ್ಲೇ ತೀರಿಕೊಂಡಿದ್ದರೆ ನೋಡುತ್ತಿದ್ದ ಡಾಕ್ಟರರಿಂದ ಕಾರಣದ ಪ್ರಮಾಣಪತ್ರ ಬರೆಸಿಕೊಳ್ಳಿ. ಅಪಘಾತ, ವಿಷ, ಹಾವು ಕಡಿತ, ಕರೆಂಟ್ ಹೊಡೆದದ್ದು ಇಂಥ ಸಾವಾದರೆ ಪೊಲೀಸರಿಗೆ ತಿಳಿಸದೆ ದೇಹ ಎತ್ತಬೇಡಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಅದನ್ನು ಹನ್ನೊಂದನೇ ದಿನದ ಗಡಿಬಿಡಿಯಲ್ಲಿ ಮರೆಯುವವರು ಜಾಸ್ತಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಸುಡುವ ಮೊದಲು ತೆಗೆಸಲೇಬೇಕು. ಅದರ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ.

ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ರಾಯಚೂರಿನಲ್ಲಿ 40 ಡಿಗ್ರಿ ದಾಟಿದ ಮೇಲೆ ದೇಹವನ್ನು ಮಧ್ಯಾಹ್ನದವರೆಗೂ ಇಡುವುದು ಕಷ್ಟ. ದೂರದ ಮಗ, ಮಗಳು ಬರಬೇಕಾದರೆ ಬಾಡಿಗೆ ಫ್ರೀಜರ್ ಪೆಟ್ಟಿಗೆ ತರಿಸಿ, ತಪ್ಪೇನಿಲ್ಲ. ಫಾರ್ಮಾಲಿನ್ ಚುಚ್ಚಿಸುವುದು ಮಾತ್ರ ಬೇಡ. ವಿಮಾನದಲ್ಲಿ ಸಾಗಿಸಬೇಕಾದವರಿಗೆ ಅದು ಬೇಕಾಗುತ್ತದೆ, ಊರಲ್ಲೇ ಮಣ್ಣು ಕೊಡುವವರಿಗೆ ಬೇಡ. ಅದು ವಿಷ, ಕ್ಯಾನ್ಸರ್ ತರುವ ರಾಸಾಯನಿಕ. ದೇಹ ಮಣ್ಣಾಗುವುದನ್ನೂ ತಡೆಯುತ್ತದೆ. ಸ್ನಾನಕ್ಕೆ ಬಿಸಿನೀರು, ಸೀಗೆಕಾಯಿ ಅಥವಾ ಕಡಲೆಹಿಟ್ಟು ಸಾಕು. ಅವ್ವನನ್ನು ಕೂರಿಸಿದ್ದ ಕಟ್ಟೆಯ ಸುತ್ತ ಬೇವಿನ ತೊಪ್ಪಲು ಹಾಸಿದ್ದೆವು. ಭಜನೆಯವರು ರಾತ್ರಿಯಿಡೀ ಕೂತರು. ಬೆಳಿಗ್ಗೆ ಹತ್ತಕ್ಕೆಲ್ಲ ಎತ್ತಿದೆವು.

ಹೆಜ್ಜೆ 4: ಬಟ್ಟೆ, ಶಾಲು, ಹಾರ

ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಅಂಗಡಿಯಲ್ಲಿ "ಇದು ಕಾಟನ್ನೇ ರೀ" ಅಂತಾರೆ. ನಂಬಬೇಡಿ, ಪರೀಕ್ಷೆ ಮಾಡಿ. ಬಟ್ಟೆಯ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಹಚ್ಚಿ. ನೂಲಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಪಾಲಿಸ್ಟರ್ ಆದರೆ ಕರಗಿ, ಮುರುಟಿ, ತುದಿಯಲ್ಲಿ ಕರ್ರಗಿನ ಗಟ್ಟಿ ಗುಳಿಗೆ ಆಗುತ್ತದೆ. ನಾನು ಮೂರು ಅಂಗಡಿಯ ಬಿಳಿ ಬಟ್ಟೆ ಸುಟ್ಟು ನೋಡಿದೆ. ಎರಡು ಗುಳಿಗೆಯಾದವು.

ಇನ್ನೂ ಸುಲಭದ ದಾರಿ ಅಂದರೆ ಅವರು ಉಟ್ಟು ಹಳೆಯದಾದ ನೂಲಿನ ಬಟ್ಟೆಯನ್ನೇ ಬಳಸುವುದು. ಅವ್ವನ ಪೆಟ್ಟಿಗೆಯಲ್ಲಿ ಅವಳ ಮದುವೆಯ ಕಾಲದ ಒಂದು ನೂಲಿನ ಇಳಕಲ್ ಸೀರೆ ಇತ್ತು. ಮೈ ಎಲ್ಲ ನೂಲು, ಸೆರಗು ಮಾತ್ರ ರೇಷ್ಮೆ. ರೇಷ್ಮೆಯೂ ಮಣ್ಣಾಗುತ್ತದೆ. ತೊಳೆದು ತೊಳೆದು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ಅದನ್ನೇ ಉಡಿಸಿದೆವು. ಗಾಜಿನ ಬಳೆ, ಪಿನ್ನು, ಪ್ಲಾಸ್ಟಿಕ್ ಗುಂಡಿ, ಹುಕ್ಕು ಇದ್ದರೆ ತೆಗೆದುಬಿಡಿ. ದಾರದಿಂದ ಕಟ್ಟಿದರೆ ಆಯಿತು.

ಬೀಗರು ತರುವ ಶಾಲಿನದೇ ದೊಡ್ಡ ಸಮಸ್ಯೆ. ಪಾಪ, ಅವರು ಗೌರವಕ್ಕೆ ತರುತ್ತಾರೆ, ಬೇಡ ಅನ್ನಲಾಗುವುದಿಲ್ಲ. ಸುದ್ದಿ ಕಳಿಸುವಾಗಲೇ ವಾಟ್ಸಾಪಿನಲ್ಲಿ ಒಂದು ಸಾಲು ಸೇರಿಸಿ: "ಶಾಲು, ಹಾರ ತರಬೇಡಿ. ಮನಸ್ಸಿದ್ದರೆ ನಿಮ್ಮ ಹೊಲದ ಹೂವು ಅಥವಾ ಒಂದು ಹಿಡಿ ಪತ್ರಿ ತನ್ನಿ." ನಾವು ಹೀಗೆ ಕಳಿಸಿದ್ದರೂ ಹದಿನೇಳು ಶಾಲು ಬಂದವು. ಅವ್ವನ ಪಕ್ಕ ಒಂದು ಮಂಚ ಹಾಕಿಸಿದ್ದೆವು. ತಂದವರು ಅವಳ ಪಾದಕ್ಕೆ ಶಾಲು ಮುಟ್ಟಿಸಿ ಆ ಮಂಚದ ಮೇಲೆ ಇಟ್ಟರು. ಯಾರೂ ಬೇಜಾರಾಗಲಿಲ್ಲ. ಚಳಿಗಾಲಕ್ಕೆ ಅವು ಒಂದು ಹಾಸ್ಟೆಲಿನ ಹುಡುಗರಿಗೆ ಹೋದವು.

ಹೆಣದ ಮೇಲಿನ ಬಟ್ಟೆಯನ್ನು ಕುಣಿ ತೋಡಿದವರಿಗೆ ಕೊಡುವ ರೂಢಿ ಕೆಲವು ಊರಲ್ಲಿ ಇದೆ. ಅದು ನಿಲ್ಲಬೇಕು. ಅವರಿಗೆ ಕೊಡಬೇಕಾದದ್ದು ಸರಿಯಾದ ಕೂಲಿ, ಕುಡಿಯಲು ನೀರು, ಕೈಗೆ ಗ್ಲೌಸು, ಎಲ್ಲರ ಜೊತೆ ಊಟ.

ಹೆಣ ಹೊರುವ ವಿಮಾನ ಕಟ್ಟುವವರಿಗೆ ಮೊದಲೇ ಹೇಳಿ: ಬಿದಿರು, ಬಾಳೆ ದಿಂಡು, ಮಾವಿನ ತೊಪ್ಪಲು, ನಾರು. ಥರ್ಮಾಕೋಲು, ಬೇಗಡೆ ಹಾಳೆ, ಪ್ಲಾಸ್ಟಿಕ್ ಹೂವು ಬೇಡ. ಕ್ರೈಸ್ತರ ಮನೆಗಳಲ್ಲಿ ಪೆಟ್ಟಿಗೆ ಬೇಕೇ ಬೇಕು ಅಂದರೆ ಸಾದಾ ಹಲಗೆಯದ್ದು ಮಾಡಿಸಿ. ಪ್ಲೈವುಡ್ಡು, ರೆಕ್ಸಿನ್ನು, ಫೋಮು, ವಾರ್ನಿಷ್ ಇಲ್ಲದೆ. ದಾರಿಯಲ್ಲಿ ಹಲಗೆ ವಾದ್ಯ, ಭಜನೆ ಇರಲಿ. ಪಟಾಕಿ, ಗುಲಾಲು ಬೇಡ. ಚುರುಮುರಿ ಎರಚಿದರೆ ಹಕ್ಕಿಯಾದರೂ ತಿನ್ನುತ್ತದೆ.

ಹೆಜ್ಜೆ 5: ಜಾಗ ಮತ್ತು ಕುಣಿ

ಸ್ವಂತ ಹೊಲದಲ್ಲಿ ಮಣ್ಣು ಕೊಡುವುದು ನಮ್ಮಲ್ಲಿ ಮಾಮೂಲಿ. ಆದರೆ ಬಾವಿ, ಬೋರು ಎಲ್ಲಿದೆ ಅಂತ ಮೊದಲು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಸ್ಮಶಾನಗಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಅಳತೆ ಕೊಟ್ಟಿದ್ದಾರೆ. ಕುಡಿಯುವ ನೀರಿನ ಬಾವಿ, ಬೋರಿನಿಂದ 250 ಮೀಟರ್ ದೂರ. ಹಳ್ಳ, ಕಾಲುವೆಯಿಂದ 30 ಮೀಟರ್. ಹೊಲದ ಬಸಿಗಾಲುವೆಯಿಂದ 10 ಮೀಟರ್. ದೇಹದ ಮೇಲೆ ಒಂದು ಮೀಟರ್ ಮಣ್ಣು, ಕೆಳಗೂ ಒಂದು ಮೀಟರ್ ಒಣ ಮಣ್ಣು.

ಕೊನೆಯದ್ದು ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ತುಂಬ ಮುಖ್ಯ. ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯಲ್ಲಿ ನಾಲ್ಕು ಅಡಿಗೇ ನೀರು ಜಿನುಗುವ ಜಾಗಗಳಿವೆ. ನೀರು ನಿಂತ ಕುಣಿಯಲ್ಲಿ ಗಾಳಿ ಆಡುವುದಿಲ್ಲ, ದೇಹ ಮಣ್ಣಾಗುವುದಿಲ್ಲ, ಕೊಳಚೆ ಸುತ್ತಲಿನ ನೀರಿಗೆ ಸೇರುತ್ತದೆ. ಅಂಥ ಊರುಗಳಲ್ಲಿ ಗದ್ದೆಯ ಬದು ಬಿಟ್ಟು ಎತ್ತರದ ದಿಬ್ಬ ಹುಡುಕಿ, ಇಲ್ಲವೇ ಊರ ರುದ್ರಭೂಮಿಗೇ ಹೋಗಿ. ಸ್ವಂತ ಹೊಲದಲ್ಲಾದರೂ ಪಂಚಾಯಿತಿಗೆ ತಿಳಿಸಿಯೇ ಮಾಡಿ, ಮುಂದೆ ಹೊಲ ಕೈ ಬದಲಾದಾಗ ಜಗಳ ಆಗುವುದಿಲ್ಲ.

ಮಣ್ಣಿನ ಗುಣ ನೋಡಿ. ಮಸಾರಿಯಲ್ಲಿ ಗಾಳಿ, ನೀರು ಎರಡೂ ಇಳಿಯುತ್ತವೆ, ಕೆಲಸ ಬೇಗ ಆಗುತ್ತದೆ. ಎರೆ (ಕಪ್ಪು ಮಣ್ಣಿನ) ಭೂಮಿ ಮಳೆಯಲ್ಲಿ ಅಂಟಾಗಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಆ ಬಿರುಕಿನಿಂದ ವಾಸನೆ ಹೊರಗೆ ಬಂದು ನಾಯಿ, ನರಿ ಕೆದರುತ್ತವೆ. ಎರೆಯಲ್ಲಿ ತೋಡಿದರೆ ತೆಗೆದ ಮಣ್ಣಿಗೆ ಮೂರ್ನಾಲ್ಕು ಬುಟ್ಟಿ ಗರಸು ಅಥವಾ ಮರಳು, ಎರಡು ಬುಟ್ಟಿ ಹಳೆಯ ತಿಪ್ಪೆಗೊಬ್ಬರ ಕಲಸಿ ತುಂಬಿ.

ಮಲಗಿಸಿ ಹೂಳುವವರಿಗೆ ಐದು ಅಡಿ ಆಳ ಸಾಕು. ನಮ್ಮ ಹಾಗೆ ಕೂರಿಸಿ ಮಣ್ಣು ಕೊಡುವವರು ತಲೆಯ ಮೇಲೆ ಮೂರು ಅಡಿಗಿಂತ ಹೆಚ್ಚು ಮಣ್ಣು ಉಳಿಯುವ ಹಾಗೆ ಏಳು ಅಡಿಯ ಹತ್ತಿರ ಇಳಿಯಬೇಕಾಗುತ್ತದೆ. ಪಾದದ ಅಳತೆಯಲ್ಲಿ ತೋಡುವುದು, ಗೋಡೆಯಲ್ಲಿ ಗೂಡು ಮಾಡಿ ಕೂರಿಸುವುದು, ಕೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ, ಪತ್ರಿ: ಇದರಲ್ಲಿ ಮಣ್ಣಿಗೆ ಕೆಡುಕಾಗುವುದು ಒಂದೂ ಇಲ್ಲ. ಹಾಗೇ ಉಳಿಸಿಕೊಳ್ಳಿ. ಸಗಣಿ ಸುಟ್ಟು ಮಾಡಿದ ವಿಭೂತಿ ಸಿಕ್ಕರೆ ಅದನ್ನೇ ತನ್ನಿ.

ಉಪ್ಪು ಬೇಡ

ಇದನ್ನು ಬೇರೆಯಾಗಿಯೇ ಬರೆಯಬೇಕು. ಕುಣಿಗೆ ಚೀಲಗಟ್ಟಲೆ ಉಪ್ಪು ಸುರಿಯುವುದು ನಮ್ಮ ಭಾಗದಲ್ಲಿ ಈಗ ಮರ್ಯಾದೆಯ ಲೆಕ್ಕವಾಗಿದೆ. "ಅವರಿಗೆ ಹತ್ತು ಚೀಲ ಹಾಕಿದ್ರು" ಅಂತ ಮಾತಾಡುತ್ತಾರೆ. ಉಪ್ಪು ಹಾಕಿದರೆ ದೇಹ ಬೇಗ ಕರಗುತ್ತದೆ ಅನ್ನುವುದು ನಂಬಿಕೆ. ಆಗುವುದು ಉಲ್ಟಾ. ಮಾವಿನಕಾಯಿಗೆ ಉಪ್ಪು ಯಾಕೆ ಹಾಕುತ್ತೇವೆ? ಕೆಡಬಾರದು ಅಂತ ತಾನೇ? ಉಪ್ಪು ನೀರನ್ನು ಹೀರುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ದೇಹ ಒಣಗಿ ಹಾಗೇ ಕೂರುತ್ತದೆ.

ಆಮೇಲೆ ಆ ಉಪ್ಪು ಎಲ್ಲಿಗೆ ಹೋಗುತ್ತದೆ? ಮಳೆ ನೀರಲ್ಲಿ ಕರಗಿ ಸುತ್ತಲಿನ ಮಣ್ಣಿಗೆ. ಸವಳು (ಉಪ್ಪೇರಿ ಕೆಟ್ಟ ನೆಲ) ಅಂದರೆ ಏನು ಅಂತ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ನಾನು ಹೇಳಬೇಕಾಗಿಲ್ಲ. ಸವಳು ಬಿಡಿಸಲು ಜಿಪ್ಸಂ ಹಾಕುತ್ತೇವೆ, ಬಸಿಗಾಲುವೆ ತೆಗೆಯುತ್ತೇವೆ, ಹಸಿರೆಲೆ ಗೊಬ್ಬರ ಮಾಡುತ್ತೇವೆ. ಅದೇ ಕೈಯಿಂದ ಬದುವಿಗೆ ಇನ್ನೂರು ಕಿಲೋ ಉಪ್ಪು ಸುರಿಯುವುದು ಸರಿಯೇ? ಅಪ್ಪನ ಸಮಾಧಿಯ ಸುತ್ತ ನಾಲ್ಕೈದು ಅಡಿ ಇವತ್ತಿಗೂ ಹುಲ್ಲು ಹುಟ್ಟುವುದಿಲ್ಲ. ಎರಡು ಸಲ ಪತ್ರಿ ಗಿಡ ಹಚ್ಚಿದೆವು, ಎರಡೂ ಎಲೆಯ ಅಂಚು ಸುಟ್ಟು ಒಣಗಿದವು.

ಹಿರಿಯರು ಒಪ್ಪದೇ ಇದ್ದರೆ ಒಂದು ಹಿಡಿ ಉಪ್ಪು ಹಾಕಲಿ, ಜಗಳ ಬೇಡ. ಉಪ್ಪಿನ ಜಾಗಕ್ಕೆ ಸಗಣಿ ಕುಳ್ಳಿನ ಬೂದಿ ಮತ್ತು ಒಣ ತಿಪ್ಪೆಗೊಬ್ಬರ ಹಾಕಬಹುದು. ವಾಸನೆ ತಡೆಯುತ್ತದೆ, ಕೊಳೆಯಲು ಸಹಾಯವೂ ಆಗುತ್ತದೆ. ಅವ್ವನ ಕುಣಿಗೆ ನಾವು ಹಾಕಿದ್ದು ಅದನ್ನೇ. ಉಪ್ಪಿನ ದುಡ್ಡು ಉಳಿಯಿತು ಅಂತ ಅಲ್ಲ, ಅವಳ ಪಕ್ಕದ ಮಣ್ಣು ಬದುಕಿತು ಅಂತ ನನಗೆ ಸಮಾಧಾನ.

ಹೆಜ್ಜೆ 6: ಸುಡುವವರಿಗೆ

ಬಯಲಲ್ಲಿ ಒಂದು ಚಿತೆಗೆ ಸಾಮಾನ್ಯವಾಗಿ 400ರಿಂದ 500 ಕಿಲೋ ಕಟ್ಟಿಗೆ ಬೇಕಾಗುತ್ತದೆ. ಬೇವು, ಹುಣಸೆ, ಮಾವು ಕಡಿಯಬೇಡಿ. ನಮ್ಮಲ್ಲಿ ಬೇಡವೆಂದರೂ ಬೆಳೆಯುವ ಮರ ಒಂದಿದೆ, ಬಳ್ಳಾರಿ ಜಾಲಿ. ಜಿಲ್ಲೆಯ ಹೆಸರೇ ಅದಕ್ಕೆ ಅಂಟಿಕೊಂಡಿದೆ, ಆದರೆ ಅದು ಅಮೆರಿಕ ಖಂಡದಿಂದ ಬಂದದ್ದು. ಗೋಮಾಳ, ಕೆರೆ ಅಂಗಳ, ಹಳ್ಳದ ದಂಡೆ ಎಲ್ಲ ಅದೇ. ಕಡಿದಷ್ಟೂ ಚಿಗುರುತ್ತದೆ, ಕಟ್ಟಿಗೆ ಗಟ್ಟಿ, ಶಾಖ ಜಾಸ್ತಿ. ಸ್ಮಶಾನದ ಸಮಿತಿಯವರು ಬೇಸಿಗೆಯಲ್ಲೇ ಜಾಲಿ ಕಡಿಸಿ, ತಗಡಿನ ಚಪ್ಪರದಡಿ ಒಟ್ಟಿಟ್ಟರೆ ಮಳೆಗಾಲದಲ್ಲೂ ಒಣ ಕಟ್ಟಿಗೆ ಸಿಗುತ್ತದೆ. ಹಸಿ ಕಟ್ಟಿಗೆ ಹೊತ್ತದೇ ಇದ್ದಾಗಲೇ ಅಲ್ವಾ ಡೀಸೆಲ್ಲು, ಹಳೆ ಟೈರು ಬರುವುದು? ಅವೆರಡನ್ನೂ ಚಿತೆಯ ಹತ್ತಿರ ಬಿಡಬೇಡಿ. ಆ ಕಪ್ಪು ಹೊಗೆ ಸುತ್ತ ನಿಂತ ಮಕ್ಕಳು, ಹಿರಿಯರ ಎದೆಗೇ ಹೋಗುತ್ತದೆ.

ಎರಡನೆಯದು, ಚಿತೆಯನ್ನು ನೆಲದ ಮೇಲೆ ಒಟ್ಟಬೇಡಿ. ಒಂದೂವರೆ ಅಡಿ ಎತ್ತರದ ಕಬ್ಬಿಣದ ಜಾಲರಿ ಇದ್ದರೆ ಅಡಿಯಿಂದ ಗಾಳಿ ಆಡಿ ಕಟ್ಟಿಗೆ ಪೂರ್ತಿ ಉರಿಯುತ್ತದೆ. ದಿಲ್ಲಿಯ ಮೋಕ್ಷದಾ ಸಂಸ್ಥೆ 1992ರಿಂದ ಇದೇ ಕೆಲಸ ಮಾಡುತ್ತಿದೆ. ಜಾಲರಿ, ತಗಡಿನ ಬದಿ, ಮೇಲೆ ಹೊಗೆಗೂಡು ಸೇರಿಸಿದ ಅವರ ಚಿತೆಗೆ 150ರಿಂದ 200 ಕಿಲೋ ಸಾಕಾಗುತ್ತದೆ. ಜಾಲರಿಯನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಸಗಣಿ ಕುಳ್ಳನ್ನು ಕಟ್ಟಿಗೆಯ ನಡುವೆ ತುಂಬುವುದು ನಮಗೆ ಹಳೆಯದೇ. ನಾಗಪುರ, ಭೋಪಾಲದಂಥ ಊರುಗಳಲ್ಲಿ ಸಗಣಿಯನ್ನು ಯಂತ್ರದಿಂದ ದಿಮ್ಮಿಯ ಹಾಗೆ ಒತ್ತಿ ಚಿತೆಗೆ ಮಾರುತ್ತಾರೆ. ನಮ್ಮ ಗೋಶಾಲೆಗಳೂ ಮಾಡಬಹುದಾದ ಕೆಲಸ. ಪಟ್ಟಣದಲ್ಲಿರುವವರು ನಗರಸಭೆಯಲ್ಲೋ ಪಾಲಿಕೆಯಲ್ಲೋ ವಿದ್ಯುತ್, ಗ್ಯಾಸ್ ಚಿತಾಗಾರದ ವಿಚಾರ ಮೊದಲೇ ಕೇಳಿಟ್ಟುಕೊಳ್ಳಿ.

ಬೂದಿಯನ್ನು ನೇರ ಗಿಡದ ಬುಡಕ್ಕೆ ಸುರಿಯಬೇಡಿ, ಬೇರು ಸುಡುತ್ತದೆ. ಅದರಲ್ಲಿ ಲವಣ, ಸುಣ್ಣದ ಅಂಶ ಜಾಸ್ತಿ. ಒಂದು ಪಾಲು ಬೂದಿಗೆ ಹತ್ತು ಪಾಲಿಗಿಂತ ಹೆಚ್ಚು ಮಣ್ಣು, ಗೊಬ್ಬರ ಕಲಸಿ ಹೊಲಕ್ಕೆ ಹರಡಿ. ಹುಲಿಗಿಯಲ್ಲೋ ಹಂಪಿಯಲ್ಲೋ ಕೃಷ್ಣೆಯ ದಂಡೆಯಲ್ಲೋ ಹೊಳೆಗೆ ಬಿಡುವುದಿದ್ದರೆ ಒಂದು ಹಿಡಿ ಬಿಡಿ. ಮಡಕೆ, ಬಟ್ಟೆ, ಪ್ಲಾಸ್ಟಿಕ್ ಚೀಲ ನೀರಿಗೆ ಎಸೆಯದೆ ವಾಪಸ್ ತನ್ನಿ. ಬೇಸಿಗೆಯಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಮಡುವು ಮಡುವಾಗಿ ನಿಂತಿರುತ್ತದೆ. ಹಾಕಿದ್ದು ಅಲ್ಲೇ ಕೂರುತ್ತದೆ.

ಹೆಜ್ಜೆ 7: ಕಲ್ಲು, ಕಟ್ಟೆ, ಗಿಡ

ಗುರುತು ಬೇಕು. ಮಕ್ಕಳು ಬಂದು ಕೈ ಮುಗಿಯಲು ಒಂದು ಜಾಗ ಬೇಕು. ಅದಕ್ಕೆ ಸಿಮೆಂಟು, ಟೈಲ್ಸು, ಸ್ಟೀಲಿನ ಕಟಕಟೆ ಬೇಕಾಗಿಲ್ಲ. ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿ ನೋಡಿ. ಎರಡು ಸಾವಿರ ವರ್ಷಕ್ಕಿಂತ ಹಿಂದಿನ, ಕಬ್ಬಿಣ ಯುಗದ ಜನ ತಮ್ಮವರಿಗಾಗಿ ನಿಲ್ಲಿಸಿದ ಸುಮಾರು 400 ಕಲ್ಮನೆಗಳು ಅಲ್ಲಿವೆ. ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದಾರೆ, ಕೆಲವಕ್ಕೆ ಗುಂಡನೆಯ ಕಿಂಡಿ. ಗಾರೆ ಇಲ್ಲ, ಅಲ್ಲಿನದೇ ಬಂಡೆ. ಸುತ್ತ ಹುಲ್ಲು ಬೆಳೆದಿದೆ, ಹಕ್ಕಿ ಗೂಡು ಕಟ್ಟಿದೆ. ಯುನೆಸ್ಕೊ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಯಲ್ಲೂ ಆ ಜಾಗ ಇದೆ.

ಅವ್ವನ ತಲೆಯ ಕಡೆ ನಾವು ನಿಲ್ಲಿಸಿದ್ದು ನಮ್ಮ ಹೊಲದ್ದೇ ಒಂದು ಉದ್ದ ಕಲ್ಲು. ಅರ್ಧ ನೆಲದೊಳಗೆ, ಅರ್ಧ ಮೇಲೆ. ಹೆಸರು, ಇಸವಿ ಕೆತ್ತಿಸಿದೆವು. ಮೊದಲ ಮಳೆಗೆ ಮಣ್ಣು ಕುಸಿಯುತ್ತದೆ, ಹಾಗಾಗಿ ಮೊದಲೇ ಒಂದೂವರೆ ಅಡಿ ದಿಬ್ಬ ಮಾಡಿ, ಮೇಲೆ ಜಾಲಿ ಮುಳ್ಳು ಹೇರಿ. ನಾಯಿ ಬರುವುದಿಲ್ಲ.

ಗಿಡವನ್ನು ನೇರ ಕುಣಿಯ ಮೇಲೆ ಹಚ್ಚಬೇಡಿ. ಮಣ್ಣು ಕುಸಿದರೆ ವಾಲುತ್ತದೆ. ನಾಲ್ಕು ಅಡಿ ಪಕ್ಕಕ್ಕೆ ಹಚ್ಚಿದರೆ ಬೇರು ತಾನೇ ಹುಡುಕಿಕೊಂಡು ಹೋಗುತ್ತದೆ. ಪತ್ರಿ, ಬೇವು, ಹೊಂಗೆ, ಬನ್ನಿ, ನೇರಳೆ ನಮ್ಮ ಬಿಸಿಲಿಗೆ ತಡೆಯುತ್ತವೆ. ಬೇಸಿಗೆಯಲ್ಲಿ ತೀರಿಕೊಂಡಿದ್ದರೆ ದಿವಸದ ಕಾರ್ಯದಂದೇ ಹಚ್ಚಬೇಕು ಅಂತ ಹಟ ಬೇಡ, ಮೃಗಶಿರ ಮಳೆಗೆ ಹಚ್ಚಿ. ದಿವಸದ ಊಟಕ್ಕೆ ಥರ್ಮಾಕೋಲ್ ತಟ್ಟೆಯ ಬದಲು ಮುತ್ತುಗದ ಎಲೆ ಅಥವಾ ಸ್ಟೀಲ್ ತಟ್ಟೆ ತರಿಸಿದರೆ ಆಯಿತು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಅವ್ವನ ಪತ್ರಿ ಗಿಡಕ್ಕೆ ಬುಡದಲ್ಲಿ ಒಂದು ಹಳೆಯ ಮಣ್ಣಿನ ಮಡಕೆ ಹೂಳಿದ್ದೇವೆ. ಅಡಿಗೆ ಸಣ್ಣ ತೂತು, ತೂತಿಗೆ ಬಟ್ಟೆಯ ಬತ್ತಿ. ವಾರಕ್ಕೆ ಎರಡು ಸಲ ಒಂದೊಂದು ಕೊಡ ನೀರು ತುಂಬಿದರೆ ಹನಿ ಹನಿಯಾಗಿ ಇಳಿಯುತ್ತದೆ. ಮೇಲೆ ಮಡಕೆಯ ಬಾಯಿಗೆ ಒಂದು ಚಪ್ಪಟೆ ಕಲ್ಲು ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ. ಆಡು ಮೇಯದ ಹಾಗೆ ಸುತ್ತ ಮುಳ್ಳಿನ ಬೇಲಿ. ಮೊದಲ ಬೇಸಿಗೆ ಅಣ್ಣನ ಮಗಳು ಶಾಲೆಗೆ ಹೋಗುವಾಗ ಸೋಮವಾರ, ಗುರುವಾರ ನೀರು ಹಾಕಿದಳು. ಈ ಸಲದ ಬೇಸಿಗೆಯೂ ದಾಟಿತು. ಎರಡು ಬೇಸಿಗೆ ದಾಟಿದ ಪತ್ರಿಗೆ ಆಮೇಲೆ ಕೈ ನೀರು ಬೇಕಾಗುವುದಿಲ್ಲ.